ಮಳೆ, ಚಳಿ ಎರಡೂ ಇರುವ ಊರಲ್ಲಿ ಆಲಿವ್ ಕಾಯಿ ಕಂಡವರು ಇದ್ದೀರಾ?

ಹಿಲ್ಸ್‌ಬೊರೊ ಹಿತ್ತಲು

ಎಲ್ಲರಿಗೂ ನಮಸ್ಕಾರ. ನಾವಿರುವುದು ಒರೆಗಾನಿನ ಹಿಲ್ಸ್‌ಬೊರೊದಲ್ಲಿ. ಮೂಲ ಊರು ತುಮಕೂರಿನ ಕಡೆ. ಕಳೆದ ವರ್ಷ ಮನೆ ತಗೊಂಡೆವು, ಮೊದಲ ಸಲ ಸ್ವಂತ ಹಿತ್ತಲು ಸಿಕ್ಕಿದೆ. ಬೇಲಿ ಮೂಲೆಯಲ್ಲಿ ಸ್ವಲ್ಪ ತಗ್ಗಾದ ಜಾಗ ಖಾಲಿ ಇದೆ. ಅಲ್ಲಿ ಆಲಿವ್ ನೆಡುವ ಆಸೆ. ಚಂದಕ್ಕಲ್ಲ, ಕಾಯಿಗೆ. ಒಂದು ಭರಣಿ ಉಪ್ಪಿನಕಾಯಿಗೆ ಆಗುವಷ್ಟಾದರೂ ಸಿಕ್ಕರೆ ಸಾಕು.

ನರ್ಸರಿಯಲ್ಲಿ ಮೊಣಕಾಲೆತ್ತರದ ಅರ್ಬೆಕ್ವಿನಾ ಗಿಡ ನೋಡಿಟ್ಟಿದ್ದೇನೆ. ಆದರೆ ಜೊತೆಗೆ ಕೆಲಸ ಮಾಡುವ ಇಟಲಿಯ ಗೆಳೆಯ "ಇಲ್ಲಿ ಮರ ಬದುಕಬಹುದು, ಕಾಯಿ ಆಸೆ ಬಿಡು" ಅಂದುಬಿಟ್ಟ. ಅಕ್ಟೋಬರಿನಲ್ಲಿ ಹಿಡಿದ ಮಳೆ ಮೇ ತನಕ ಬಿಡುವುದಿಲ್ಲ. ನಡುವೆ ಒಂದೆರಡು ಸಲ ನೆಲವೆಲ್ಲ ಹೆಪ್ಪುಗಟ್ಟುತ್ತದೆ. ಇಂಥ ಕಡೆ ಯಾರಾದರೂ ಕಾಯಿ ಕಂಡಿದ್ದೀರಾ? ಯಾವ ತಳಿ ಹಾಕಿದಿರಿ? ಚಳಿಗೆ ಏನು ಹೊದಿಸುತ್ತೀರಿ?

ಸಿಯಾಟಲ್ ಕುಂಡ

ನಾನು ಸಿಯಾಟಲ್‌ನಲ್ಲಿ ನಾಲ್ಕು ವರ್ಷದಿಂದ ಕುಂಡದಲ್ಲಿ ಬೆಳೆಸುತ್ತಿದ್ದೇನೆ. ನನ್ನ ಪ್ರಕಾರ ತಳಿಯೇ ಎಲ್ಲ. ಮೊದಲು ಗ್ರೀಸ್‌ನ ಕೊರೊನೈಕಿ ತಂದೆ, ಚೆನ್ನಾಗಿ ಎಣ್ಣೆ ಬರುತ್ತದೆ ಅಂತ. ಮೊದಲ ದೊಡ್ಡ ಚಳಿಗೇ ಹೋಯಿತು. ಆಮೇಲೆ ಓದಿದರೆ ಅದು ಚಳಿ ತಡೆಯದ ತಳಿ. ಈಗ ಇರುವುದು ಲೆಚಿನೊ. ಇಟಲಿಯ ಟಸ್ಕನಿಯದು, ಗಟ್ಟಿ ಜಾತಿ. ಕಾಯಿ ಇನ್ನೂ ಬಂದಿಲ್ಲ. ಹೋದ ವರ್ಷ ಚಳಿಗಾಲದಲ್ಲಿ ಎಲೆಯೆಲ್ಲ ಉದುರಿತು, ಯಾಕೆ ಅಂತ ಗೊತ್ತಾಗಲಿಲ್ಲ.

ನ್ಯೂಬರ್ಗ್ ಅಕ್ಕ

ಹಿಲ್ಸ್‌ಬೊರೊ ಅವರೇ, ನಾವು ನಿಮ್ಮ ಹತ್ತಿರದಲ್ಲೇ, ನ್ಯೂಬರ್ಗ್‌ನಲ್ಲಿದ್ದೇವೆ. ನಮ್ಮಲ್ಲಿ ಕಾಯಿ ಬಿಡುತ್ತಿದೆ. ಹಾಗಾಗಿ ಮೊದಲು ಧೈರ್ಯ ಹೇಳುತ್ತೇನೆ, ಆಮೇಲೆ ಒಂದು ವಿಷಯ ಬೇಡ ಅನ್ನುತ್ತೇನೆ: ಆ ತಗ್ಗು ಜಾಗದಲ್ಲಿ ಮಾತ್ರ ನೆಡಬೇಡಿ.

ನೀವು ಚಳಿ ಬಗ್ಗೆ ಕೇಳಿದ್ದೀರಿ. ಎಲ್ಲರೂ ಅದನ್ನೇ ಕೇಳುತ್ತಾರೆ, ನಾನೂ ಕೇಳಿದ್ದೆ. ಈಗ ಯಾರಾದರೂ ಕೇಳಿದರೆ ನೀರಿನ ಮಾತು ಮೊದಲು ಎತ್ತುತ್ತೇನೆ. 2012ರಲ್ಲಿ ಮೂರು ಗಿಡ ಹಾಕಿದೆ. ಎರಡು ಇಳಿಜಾರಿನಲ್ಲಿ, ಒಂದು ಕೆಳಗೆ, ಚಾವಣಿ ನೀರು ಹರಿದು ಬರುವ ಕಡೆ. 2013ರ ಡಿಸೆಂಬರಿನಲ್ಲಿ ಚಳಿ ಬಂತು. ನಮ್ಮ ಹಿತ್ತಲ ಥರ್ಮಾಮೀಟರ್ ಮೈನಸ್ 12ಕ್ಕೆ ಇಳಿಯಿತು. ಮೂರೂ ಗಿಡದ ಎಲೆ ಸುಟ್ಟ ಹಾಗೆ ಕಂದಾಯಿತು, ಕಾಂಡದ ಸಿಪ್ಪೆ ಸೀಳಿತು. ಮೂರೂ ಸತ್ತವು ಅಂದುಕೊಂಡೆ.

ಜೂನ್‌ನಲ್ಲಿ ಇಳಿಜಾರಿನ ಎರಡಕ್ಕೂ ಬುಡದಿಂದ ಚಿಗುರು ಬಂತು. ಕೆಳಗಿನದು ಬರಲಿಲ್ಲ. ಕೈಯಲ್ಲಿ ಹಿಡಿದು ಎಳೆದೆ, ಸಲೀಸಾಗಿ ಕಿತ್ತುಬಂತು. ಬೇರಿನ ಸಿಪ್ಪೆ ಬೆರಳಿಗೆ ಹತ್ತಿ ಜಾರಿತು, ಒಳಗೆ ಬರೀ ದಾರದಂಥ ನಾರು. ಕೊಚ್ಚೆ ವಾಸನೆ. ಚಳಿ ಬರುವ ಮೊದಲೇ ಅದರ ಬೇರು ಕೊಳೆತಿತ್ತು. ಚಳಿ ಬಂದದ್ದು ಮೂರಕ್ಕೂ ಒಂದೇ ಥರ, ಅಲ್ವಾ? ಬೇರು ಇದ್ದದ್ದು ಬದುಕಿತು.

ಇನ್ನೊಂದು ಮಾತು. ತಣ್ಣನೆ ಗಾಳಿಯೂ ನೀರಿನ ಹಾಗೆಯೇ ಕೆಳಗೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ನಿಮ್ಮ ಬೇಲಿ ಮೂಲೆ ಎರಡು ಥರದಲ್ಲೂ ಕೆಟ್ಟ ಜಾಗ. ಮನೆಯ ದಕ್ಷಿಣದ ಗೋಡೆ ಪಕ್ಕ ಜಾಗ ಇದೆಯಾ ನೋಡಿ. ಹಗಲು ಕಾದ ಗೋಡೆ ರಾತ್ರಿ ಶಾಖ ಬಿಡುತ್ತದೆ. ಎರಡು ಮೂರು ಡಿಗ್ರಿ ವ್ಯತ್ಯಾಸವೇ ಸಾಕು, ಎಲೆ ಉಳಿಯುತ್ತದೆ.

ಹಿಲ್ಸ್‌ಬೊರೊ ಹಿತ್ತಲು

ಅಕ್ಕಾ, ತುಂಬಾ ಥ್ಯಾಂಕ್ಸ್. ದಕ್ಷಿಣದ ಗೋಡೆ ಇದೆ, ಪಕ್ಕದಲ್ಲಿ ಎಂಟು ಅಡಿ ಅಗಲದ ಪಟ್ಟಿ. ಆದರೆ ಅಲ್ಲೂ ಜೇಡಿಮಣ್ಣೇ. ಒದ್ದೆ ಇದ್ದಾಗ ಬೂಟಿಗೆ ಕೇಜಿಗಟ್ಟಲೆ ಅಂಟುತ್ತದೆ. ಗುಂಡಿ ತೋಡಿ ಒಳ್ಳೆ ಮಣ್ಣು, ಗೊಬ್ಬರ ತುಂಬಿದರೆ ಸಾಕಾ?

ತೀರ್ಥಹಳ್ಳಿ ತೋಟ

ನಾನು ಆಲಿವ್ ಬೆಳೆದವನಲ್ಲ, ಅಡಿಕೆಯವನು. ಮಗಳು ಅಲ್ಲೇ ಪೋರ್ಟ್‌ಲ್ಯಾಂಡ್‌ನಲ್ಲಿ ಇರುವುದರಿಂದ ಇದನ್ನೆಲ್ಲ ಓದುತ್ತಿರುತ್ತೇನೆ. ಗುಂಡಿ ಅಂದಿದ್ದಕ್ಕೆ ಬರೆಯಬೇಕು ಅನ್ನಿಸಿತು.

ತಮ್ಮಾ, ಜೇಡಿಯಲ್ಲಿ ಗುಂಡಿ ತೋಡಿ ಸಡಿಲ ಮಣ್ಣು ತುಂಬಿದರೆ ನೀನು ನೆಲದಲ್ಲಿ ಒಂದು ಬಕೆಟ್ ಹೂತ ಹಾಗೆ. ಸುತ್ತಲಿನ ನೀರೆಲ್ಲ ಆ ಸಡಿಲ ಮಣ್ಣಿಗೇ ಬಂದು ಸೇರುತ್ತದೆ, ಹೊರಗೆ ಹೋಗಲು ದಾರಿ ಇಲ್ಲ. ಅಡಿಕೆ ನೀರು ಬೇಡುವ ಮರ. ಆದರೂ ಬಸಿಗಾಲುವೆ ಇಲ್ಲದ ತೋಟ ಮಲೆನಾಡಿನಲ್ಲಿ ಉಳಿಯುವುದಿಲ್ಲ. ಇನ್ನು ಒಣ ಗುಡ್ಡದ ಮರ ಆಲಿವ್‌ಗೆ ಹೇಗಿರಬೇಡ? ಗುಂಡಿ ತೋಡಬೇಡ, ದಿಬ್ಬ ಮಾಡು. ಇದ್ದ ಮಣ್ಣನ್ನೇ ಏರಿಸಿ, ನೆಲದಿಂದ ಒಂದೂವರೆ ಅಡಿ ಎತ್ತರಕ್ಕೆ, ಅಗಲವಾಗಿ. ಗಿಡ ಅದರ ತಲೆ ಮೇಲೆ ಕೂರಬೇಕು. ದಿಬ್ಬದ ಕೆಳಗೆ ಒಂದು ಕಾಲುವೆ ತೆಗೆದು ನೀರನ್ನು ಇಳಿಜಾರಿಗೆ ಬಿಡು.

ಮೊದಲು ಪರೀಕ್ಷೆ ಮಾಡು. ಒಂದೂವರೆ ಅಡಿ ಆಳ ಅಗೆದು ನೀರು ತುಂಬಿಸು. ಅದು ಇಂಗಿದ ಮೇಲೆ ಇನ್ನೊಮ್ಮೆ ತುಂಬಿಸು. ಎರಡನೇ ಸಲದ್ದು ಮಾರನೇ ದಿನಕ್ಕೂ ನಿಂತಿದ್ದರೆ ಆ ನೆಲ ಎಂಥದ್ದು ಅಂತ ಅದೇ ಹೇಳುತ್ತದೆ.

ನ್ಯೂಬರ್ಗ್ ಅಕ್ಕ

ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಾನು 2014ರಲ್ಲಿ ಮತ್ತೆ ನೆಟ್ಟಾಗ ಹೀಗೇ ದಿಬ್ಬ ಮಾಡಿದೆ. ಇಲ್ಲಿ ಡಂಡೀ ಗುಡ್ಡದ ಕಡೆ ಜೋರಿ ಅಂತ ಕೆಂಪು ಮಣ್ಣಿದೆ, ನಮ್ಮೂರಿನ ಕೆಮ್ಮಣ್ಣಿನ ಬಣ್ಣವೇ. ಅದರಲ್ಲಿ ನೀರು ಚೆನ್ನಾಗಿ ಇಳಿಯುತ್ತದೆ. ದ್ರಾಕ್ಷಿ ತೋಟಗಳ ನಡುವೆ ಅಲ್ಲಿ ಆಲಿವ್ ತೋಟವೂ ಇದೆ, ಎಣ್ಣೆ ಗಾಣವೂ ಇದೆ. ಕಣಿವೆ ತಳದ ಹಿಲ್ಸ್‌ಬೊರೊ ಕಡೆಯವರಿಗೆ ಆ ಭಾಗ್ಯ ಇಲ್ಲ, ದಿಬ್ಬವೇ ಗತಿ. ಮಳೆಗೆ ಇಲ್ಲಿನ ಮಣ್ಣು ಹುಳಿಯಾಗಿರುತ್ತದೆ, ಆಲಿವ್‌ಗೆ ಅದು ಹಿಡಿಸುವುದಿಲ್ಲ. ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಬೆರೆಸಿ. ಗೊಬ್ಬರ ಜಾಸ್ತಿ ಬೇಡ.

ಬೆಂಗಳೂರು ತಾರಸಿ

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಜಯನಗರದಲ್ಲಿ ನಮ್ಮ ತಾರಸಿ ಮೇಲೆ ಆರು ವರ್ಷದ ಆಲಿವ್ ಇದೆ. ಎಲೆ ಸೊಂಪಾಗಿದೆ, ಒಂದು ಹೂವೂ ಬಂದಿಲ್ಲ. ನಿಮ್ಮ ಚಳಿ ಊರಲ್ಲೇ ಕಾಯಿ ಬಿಡುವಾಗ ನಮ್ಮಲ್ಲಿ ಯಾಕಿಲ್ಲ?

ನ್ಯೂಬರ್ಗ್ ಅಕ್ಕ

ಚಳಿ ಇರುವುದರಿಂದಲೇ ಇಲ್ಲಿ ಕಾಯಿ! ಹಿಲ್ಸ್‌ಬೊರೊ ಅವರ ಇಟಲಿ ಗೆಳೆಯರಿಗೂ ಇದನ್ನು ಹೇಳಬೇಕು.

ಆಲಿವ್ ಮೊಗ್ಗು ಹೂವಾಗಬೇಕಾದರೆ ಚಳಿಗಾಲದಲ್ಲಿ ಕೆಲವು ವಾರ ತಂಪು ಬೇಕು. ರಾತ್ರಿ ನಾಲ್ಕೈದು ಡಿಗ್ರಿಗೆ ಇಳಿಯಬೇಕು, ಹಗಲು ಸ್ವಲ್ಪ ಬೆಚ್ಚಗಾಗಬೇಕು. ಬೆಂಗಳೂರಿನ ಡಿಸೆಂಬರ್ ರಾತ್ರಿ 15 ಡಿಗ್ರಿ ಇದ್ದರೆ ಆ ಮರಕ್ಕೆ ಚಳಿಗಾಲ ಬಂದದ್ದೇ ತಿಳಿಯುವುದಿಲ್ಲ. ಎಲೆ ಬಿಡುತ್ತಲೇ ಹೋಗುತ್ತದೆ. ರಾಜಸ್ಥಾನದಲ್ಲಿ ಇಸ್ರೇಲಿನವರ ನೆರವಿನಿಂದ ಆಲಿವ್ ಬೆಳೆದದ್ದು ಕೇಳಿರಬಹುದು. ಬಿಕಾನೇರ್ ಹತ್ತಿರ ಲೂಣಕರಣಸರದಲ್ಲಿ 2014ರಲ್ಲಿ ಎಣ್ಣೆ ಘಟಕವೂ ಶುರುವಾಯಿತು. ಅಲ್ಲಿ ಬೇಸಿಗೆ ಎಷ್ಟೇ ಉರಿದರೂ ಚಳಿಗಾಲದ ರಾತ್ರಿ ಗಡಗಡ ನಡುಗಿಸುತ್ತದೆ. ಅದಕ್ಕೇ ಹೂ ಬರುತ್ತದೆ.

ಮಳೆಯ ಲೆಕ್ಕವೂ ಹಾಗೆಯೇ. ಪೋರ್ಟ್‌ಲ್ಯಾಂಡ್‌ಗೆ ವರ್ಷಕ್ಕೆ ಬೀಳುವುದು ಸುಮಾರು 900 ಮಿಲಿಮೀಟರ್. ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಜಾಸ್ತಿ ಸುರಿಯುತ್ತದೆ. ಇಲ್ಲಿ ಜಿಟಿಜಿಟಿ ಅಂತ ತಿಂಗಳುಗಟ್ಟಲೆ ಹಿಡಿಯುವುದರಿಂದ ಮಳೆ ಊರು ಅನ್ನಿಸುತ್ತದೆ. ಆದರೆ ಜುಲೈ, ಆಗಸ್ಟ್ ಒಣಗಿರುತ್ತದೆ. ಚಳಿಗಾಲದಲ್ಲಿ ಮಳೆ, ಬೇಸಿಗೆಯಲ್ಲಿ ಬಿಸಿಲು. ಆಲಿವ್ ಹುಟ್ಟಿದ ಊರಿನ ಕ್ರಮವೂ ಇದೇ. ನಮ್ಮ ಕರ್ನಾಟಕದಲ್ಲಿ ಕ್ರಮ ತಿರುಗಾಮುರುಗಾ.

ತಾರಸಿಯವರೇ, ಬೇಜಾರಾಗಬೇಡಿ. ಮಲ್ಲಿಗೆ, ಪಾರಿಜಾತ ಎರಡೂ ಆಲಿವ್ ಕುಟುಂಬದವೇ. ನಿಮ್ಮ ತಾರಸಿಯಲ್ಲಿ ಅವು ಸುಖವಾಗಿರುತ್ತವೆ.

ಬೆಂಗಳೂರು ತಾರಸಿ

ಮಲ್ಲಿಗೆ ಇದರ ನೆಂಟ ಅಂತ ಗೊತ್ತೇ ಇರಲಿಲ್ಲ. ಎರಡು ಕುಂಡ ಪಕ್ಕಪಕ್ಕ ಇಟ್ಟಿದ್ದೇನೆ ಈಗ.

ಸಿಯಾಟಲ್ ಕುಂಡ

ನೀರಿನದು ಸರಿ ಅಕ್ಕಾ. ಆದರೆ ತಳಿ ಮುಖ್ಯ ಅಲ್ಲ ಅಂತ ಒಪ್ಪಲಾರೆ. ನನ್ನ ಕುಂಡದಲ್ಲಿ ನೀರು ನಿಲ್ಲುವುದೇ ಇಲ್ಲ, ಆದರೂ ಕೊರೊನೈಕಿ ಸತ್ತಿತಲ್ಲ.

ನ್ಯೂಬರ್ಗ್ ಅಕ್ಕ

ತಳಿ ಬೇಡ ಅಂದಿಲ್ಲಪ್ಪಾ, ಎರಡನೆಯದು ಅಂದೆ. ಕುಂಡದ ಬೇರು ನೆಲದೊಳಗಿನ ಬೇರಿಗಿಂತ ಬೇಗ ಹೆಪ್ಪುಗಟ್ಟುತ್ತದೆ, ಅದನ್ನೂ ಗಮನಿಸಿ.

ತಳಿ ವಿಷಯ ಬಂದಿದ್ದರಿಂದ ಹೇಳುತ್ತೇನೆ. ಇಲ್ಲಿ ಲೆಚಿನೊ, ಅರ್ಬೆಕ್ವಿನಾ ಎರಡೂ ತಡೆದುಕೊಳ್ಳುತ್ತವೆ. ಅರ್ಬೆಕ್ವಿನಾ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಚಿಕ್ಕ ವಯಸ್ಸಿಗೇ ಬಿಡುತ್ತದೆ. ಕಾಯಿ ಸಣ್ಣದು. ಲೆಚಿನೊ ಒಂಟಿಯಾಗಿದ್ದರೆ ಕಾಯಿ ಕಟ್ಟುವುದಿಲ್ಲ. ಅದಕ್ಕೆ ಪೆಂಡೊಲಿನೊ, ಮೌರಿನೊ ಅಥವಾ ಫ್ರಾಂಟೋಯೊ ಜೊತೆ ಬೇಕು. ಸಿಯಾಟಲ್ ಅವರೇ, ನಿಮ್ಮದು ಒಂದೇ ಮರ ಆಗಿದ್ದರೆ ಕಾಯಿ ಬಾರದಿದ್ದಕ್ಕೆ ಅದೂ ಕಾರಣ. ಗಾಳಿಯಲ್ಲೇ ಪರಾಗ ಹೋಗಬೇಕು, ಜೇನಿನ ಭರವಸೆ ಇಲ್ಲ. ಹೂ ಬರುವುದು ಜೂನ್‌ನಲ್ಲಿ. ಆ ತಿಂಗಳು ಮಳೆ ಹಿಡಿದು ಕೂತರೆ, ಇಲ್ಲಿಯವರು ಅದನ್ನು ಜೂನುವರಿ ಅನ್ನುತ್ತಾರೆ, ಆ ವರ್ಷದ ಕಾಯಿ ಕಮ್ಮಿ. ಅದಕ್ಕೇನೂ ಮಾಡಲಾಗದು.

ಮೊಣಕಾಲೆತ್ತರದ ಗಿಡ ಸೀದಾ ನೆಲಕ್ಕೆ ಬೇಡ. ಹೆಬ್ಬೆರಳು ದಪ್ಪದ ಕಾಂಡ ಆಗುವ ತನಕ ಕುಂಡದಲ್ಲೇ ಬೆಳೆಸಿ, ಚಳಿ ಬಂದಾಗ ಗ್ಯಾರೇಜಿಗೆ ತನ್ನಿ. ನೆಲಕ್ಕೆ ಇಳಿಸುವುದು ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ. ಇಡೀ ಬೇಸಿಗೆ ಬೇರು ಬಿಡಲು ಸಿಗುತ್ತದೆ. ಅರೋರಾದಲ್ಲಿ ಒರೆಗಾನ್ ಸ್ಟೇಟ್ ಯೂನಿವರ್ಸಿಟಿಯ ಸಂಶೋಧನಾ ಕೇಂದ್ರ ಇದೆ. ಅವರು ಎಷ್ಟೋ ತಳಿ ನೆಟ್ಟು ಈ ಹವೆಗೆ ಯಾವುದು ನಿಲ್ಲುತ್ತದೆ ಅಂತ ನೋಡುತ್ತಿದ್ದಾರೆ. ಒಮ್ಮೆ ಹೋಗಿ ಬನ್ನಿ.

ಲಂಡನ್ ಅಂಗಳ

ನಮ್ಮ ಕಥೆ ಬೇರೆ. ಇಲ್ಲಿ ಚಳಿ ಅಷ್ಟು ಕಡಿದಲ್ಲ, ಬೇಸಿಗೆಯ ಶಾಖವೇ ಸಾಲದು. ಚೆಲ್ಸಿ ಫಿಸಿಕ್ ಗಾರ್ಡನ್‌ನಲ್ಲಿ ದೊಡ್ಡ ಆಲಿವ್ ಮರ ಇದೆ, ಬಯಲಲ್ಲೇ ಕಾಯಿ ಬಿಡುತ್ತದೆ. ಸುತ್ತ ಎತ್ತರದ ಇಟ್ಟಿಗೆ ಗೋಡೆ, ಪಕ್ಕದಲ್ಲಿ ಥೇಮ್ಸ್ ನದಿ. ಅದನ್ನು ನೋಡಿ ಬಂದ ಮೇಲೆ ನಾನೂ ಕುಂಡವನ್ನು ಇಟ್ಟಿಗೆ ಗೋಡೆಗೆ ಒತ್ತಿ ಇಟ್ಟೆ. ಹೋದ ವರ್ಷ ಅರವತ್ತು ಚಿಲ್ಲರೆ ಕಾಯಿ ಬಂತು. ಕಪ್ಪಾಗಲಿಲ್ಲ, ನವೆಂಬರಿನಲ್ಲಿ ಹಸಿರಿದ್ದಾಗಲೇ ಕಿತ್ತೆ. ಹಸಿರು ಕಾಯಿಯೂ ಉಪ್ಪಿಗೆ ಆಗುತ್ತದೆ, ಕಪ್ಪಾಗಲಿ ಅಂತ ಕಾಯುತ್ತಾ ಕೂರಬೇಡಿ.

ಸಿಯಾಟಲ್ ಕುಂಡ

ನನ್ನ ಎಲೆ ಉದುರಿದ್ದಕ್ಕೆ ಯಾರಾದರೂ ಹೇಳಿ. ಉದುರಿದ ಎಲೆ ಮೇಲೆ ದುಂಡನೆ ಕಪ್ಪು ಚುಕ್ಕೆ ಇದೆ. ಕೆಲವಕ್ಕೆ ಸುತ್ತ ಹಳದಿ ಬಳೆ.

ನ್ಯೂಬರ್ಗ್ ಅಕ್ಕ

ಅದು ನವಿಲುಕಣ್ಣಿನ ರೋಗ. ಚುಕ್ಕೆ ನವಿಲುಗರಿಯ ಕಣ್ಣಿನ ಹಾಗೆ ಕಾಣುವುದರಿಂದ ಆ ಹೆಸರು. ಶಿಲೀಂಧ್ರ, ತಂಪು ಮತ್ತು ಒದ್ದೆ ಎಲೆ ಅದಕ್ಕೆ ಬೇಕು. ನಮ್ಮಂಥ ಊರಲ್ಲಿ ಕಾಯಿ ಕದಿಯುವ ದೊಡ್ಡ ಕಳ್ಳ ಇದು. ಎಲೆ ಉದುರಿದ ಕಡ್ಡಿ ಮುಂದಿನ ಜೂನ್‌ನಲ್ಲಿ ಹೂ ಬಿಡುವುದಿಲ್ಲ. ಮರ ಸತ್ತಿರುವುದಿಲ್ಲ, ಹಾಗಾಗಿ ಜನಕ್ಕೆ ಇದು ರೋಗ ಅಂತಲೇ ಹೊಳೆಯುವುದಿಲ್ಲ. ವರ್ಷಗಟ್ಟಲೆ ಯಾಕೆ ಕಾಯಿ ಇಲ್ಲ ಅಂತ ಯೋಚಿಸುತ್ತಿರುತ್ತಾರೆ.

ಉದುರಿದ ಎಲೆ ಗುಡಿಸಿ ತೆಗೆಯಿರಿ. ಮರದ ನಡುವೆ ಗಾಳಿ ಆಡಬೇಕು, ಒಳಗಿನ ಒತ್ತೊತ್ತಾದ ರೆಂಬೆ ಬಿಡಿಸಿ. ಮಳೆಗಾಲ ಹಿಡಿಯುವ ಮೊದಲು ತಾಮ್ರದ ಔಷಧ ಹೊಡೆಯಬೇಕು.

ತೀರ್ಥಹಳ್ಳಿ ತೋಟ

ತಾಮ್ರ ಅಂದಮೇಲೆ ಅದು ನಮ್ಮ ಬೋರ್ಡೊ! ಅಲ್ಲೂ ಅದೇ ಮದ್ದಾ? ಅಡಿಕೆ ಕೊಳೆರೋಗಕ್ಕೆ ನಾವು ಹೊಡೆಯುವುದು ಅದನ್ನೇ. ಫ್ರಾನ್ಸಿನಲ್ಲಿ ದ್ರಾಕ್ಷಿಗೆ ಕಂಡುಹಿಡಿದದ್ದು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಕೊಳೆರೋಗದ ಮೇಲೆ ಕೆಲಸ ಮಾಡಿ ನಮ್ಮ ಕಡೆ ಇದನ್ನು ರೂಢಿಗೆ ತಂದರು. ಅದಕ್ಕೂ ಮೊದಲು ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದರು.

ಒಂದು ಕೇಜಿ ಮೈಲುತುತ್ತು, ಒಂದು ಕೇಜಿ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಹುಯ್ಯಬೇಕು. ಆಕಾಶದ ಬಣ್ಣ ಬರುತ್ತದೆ. ಆಮೇಲೆ ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಅದ್ದಿ ನೋಡುತ್ತೇವೆ. ಅಲುಗಿನ ಮೇಲೆ ಕೆಂಪು ಕೂತರೆ ತಾಮ್ರ ಜಾಸ್ತಿ, ಇನ್ನಷ್ಟು ಸುಣ್ಣ ಬೇಕು. ಹಾಗೇ ಹೊಡೆದರೆ ಎಲೆ ಸುಡುತ್ತದೆ. ಇನ್ನೊಂದು, ಕೊಳೆ ಕಂಡ ಮೇಲೆ ಹೊಡೆದರೆ ಪ್ರಯೋಜನ ಕಮ್ಮಿ. ಮಳೆಗೆ ಮುಂಚೆ ಮೊದಲ ಸುತ್ತು ಮುಗಿದಿರಬೇಕು.

ನ್ಯೂಬರ್ಗ್ ಅಕ್ಕ

ಅಣ್ಣಾ, ಎಷ್ಟು ಖುಷಿಯಾಯಿತು ಓದಿ. ನಮ್ಮ ತಾತ ಕತ್ತಿ ಅದ್ದಿ ನೋಡುತ್ತಿದ್ದದ್ದು ಕಣ್ಣ ಮುಂದೆ ಬಂತು. ಇಲ್ಲಿ ಅಮೆರಿಕದಲ್ಲಿರುವವರು ಮಾತ್ರ ಮನೆಯಲ್ಲಿ ಕಲಸಬೇಡಿ. ಆಲಿವ್‌ಗೆ ಅಂತ ಲೇಬಲ್ ಇರುವ ತಾಮ್ರದ ಔಷಧವನ್ನೇ ತನ್ನಿ, ಅದರಲ್ಲಿ ಹೇಳಿದಷ್ಟು ದಿನ ಕಾಯಿ ಕೀಳಬೇಡಿ. ಸಿಯಾಟಲ್ ಅವರೇ, ನಿಮ್ಮದು ಕುಂಡ ತಾನೇ? ಚಳಿಗಾಲದಲ್ಲಿ ಸೂರಿನ ಕೆಳಗೆ ಎಳೆದಿಡಿ. ಎಲೆ ಒಣಗಿದ್ದರೆ ಅರ್ಧ ಕೆಲಸ ಮುಗಿಯಿತು. ಅಡಿಕೆಗೆ ಕೊಟ್ಟೆ ಕಟ್ಟಿದ ಹಾಗೆಯೇ ಅದು.

ಮಳೆಯಲ್ಲಿ ಯಾವತ್ತೂ ರೆಂಬೆ ಕತ್ತರಿಸಬೇಡಿ. ಗಾಯದಿಂದ ಬ್ಯಾಕ್ಟೀರಿಯಾ ನುಗ್ಗಿ ರೆಂಬೆಯ ಮೇಲೆ ಗಂಟು ಕಟ್ಟುತ್ತದೆ. ಕತ್ತರಿಸುವುದಿದ್ದರೆ ಜುಲೈ ಬಿಸಿಲಲ್ಲಿ, ಅದೂ ಸ್ವಲ್ಪ. ಹೂ ಬರುವುದು ಹೋದ ವರ್ಷ ಬೆಳೆದ ಕಡ್ಡಿಯ ಮೇಲೆ. ಪ್ರತಿ ವರ್ಷ ತಲೆ ಬೋಳಿಸಿದರೆ ಕಾಯಿ ಎಲ್ಲಿಂದ ಬರಬೇಕು?

ಹಿಲ್ಸ್‌ಬೊರೊ ಹಿತ್ತಲು

ಹೊದಿಕೆ ಬಗ್ಗೆ ಯಾರೂ ಹೇಳಲಿಲ್ಲ. 2024ರ ಜನವರಿಯಲ್ಲಿ ಬಂದ ಹಾಗೆ ಮತ್ತೆ ಬಂದರೆ? ಆಗ ನಾವಿದ್ದ ಬಾಡಿಗೆ ಮನೆಯಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ.

ನ್ಯೂಬರ್ಗ್ ಅಕ್ಕ

ಇಡೀ ಚಳಿಗಾಲ ಸುತ್ತಿಡಬೇಡಿ, ಅದರಲ್ಲೂ ಪ್ಲಾಸ್ಟಿಕ್ ಬೇಡ. ಒಳಗೆ ಹಬೆ ಕಟ್ಟಿ ನವಿಲುಕಣ್ಣು ಶುರುವಾಗುತ್ತದೆ. ಮುನ್ಸೂಚನೆಯಲ್ಲಿ ಮೈನಸ್ 6, 7 ಅಂತ ಕಂಡರೆ ಆ ಎರಡು ಮೂರು ರಾತ್ರಿ ಮಾತ್ರ ಗಾಳಿಯಾಡುವ ಬಟ್ಟೆ ಹೊದಿಸಿ ನೆಲದ ತನಕ ಇಳಿಬಿಡಿ. ಬುಡಕ್ಕೆ ಮಣ್ಣು ಏರಿಸಿ. ಬುಡ ಉಳಿದರೆ ಮರ ಉಳಿಯಿತು. ಕಡ್ಡಿ ನೆಟ್ಟು ಬೇರು ಬರಿಸಿದ ಗಿಡವಾದರೆ ಬುಡದ ಚಿಗುರೂ ಅದೇ ತಳಿ.

ಚಳಿಗಿಂತ ಭಯ ಚಳಿ ಬರುವ ಹೊತ್ತಿನದು. ಫ್ರಾನ್ಸಿನ ಪ್ರೊವಾನ್ಸ್‌ನಲ್ಲಿ 1956ರ ಫೆಬ್ರವರಿಯಲ್ಲಿ ಲಕ್ಷಗಟ್ಟಲೆ ಆಲಿವ್ ಮರ ಹೋದವು. ಅದರ ಹಿಂದಿನ ಜನವರಿ ಬೆಚ್ಚಗಿತ್ತು, ಮರದಲ್ಲಿ ರಸ ಏರಿತ್ತು. ಅಷ್ಟರಲ್ಲಿ ಒಮ್ಮೆಲೇ ಹಿಮಗಾಳಿ ಬೀಸಿತು. 1985ರ ಜನವರಿಯಲ್ಲಿ ಟಸ್ಕನಿಯಲ್ಲೂ ಹೀಗೇ ಮರಗಳು ಹೋದವು. ಅಲ್ಲಿಯವರು ಕಾಂಡ ಕಡಿದು ಬುಡದ ಚಿಗುರಿನಿಂದ ತೋಟ ಮತ್ತೆ ಎಬ್ಬಿಸಿದರು. ನಾವು ಮಾಡಬಹುದಾದದ್ದು ಇಷ್ಟು: ಜುಲೈ ನಂತರ ಸಾರಜನಕದ ಗೊಬ್ಬರ ಕೊಡಬೇಡಿ, ಸೆಪ್ಟೆಂಬರಿನಿಂದ ನೀರು ಕಮ್ಮಿ ಮಾಡಿ. ಎಳೆ ಚಿಗುರು ಬಲಿತು ಗಟ್ಟಿಯಾಗಿ ಚಳಿಗೆ ಸಿದ್ಧವಾಗಿರಬೇಕು.

ಚಳಿ ಹೊಡೆದ ಮೇಲೆ ಗಾಬರಿಯಿಂದ ಕತ್ತರಿ ಹಿಡಿಯಬೇಡಿ. ಉಗುರಿನಲ್ಲಿ ಸಿಪ್ಪೆ ಗೀರಿ ನೋಡಿ. ಹಸಿರಿದ್ದರೆ ಜೀವ ಇದೆ. ಜೂನ್ ತನಕ ಕಾಯಿರಿ.

ಲಂಡನ್ ಅಂಗಳ

ಅಕ್ಕಾ, ಕಾಯಿ ಬಂದಾಗ ನೀವು ಏನು ಮಾಡುತ್ತೀರಿ? ನನ್ನ ಅರವತ್ತರಲ್ಲಿ ಅರ್ಧ ಬೂಷ್ಟು ಹಿಡಿಯಿತು.

ನ್ಯೂಬರ್ಗ್ ಅಕ್ಕ

ಕಾಯಿ ಗಾಳಿಗೆ ತೆರೆದಿತ್ತು ಅನ್ನಿಸುತ್ತದೆ. ಅಪ್ಪೆಮಿಡಿ ಉಪ್ಪಿನಲ್ಲಿ ಹಾಕಿ ಮೇಲೆ ಭಾರ ಇಡುತ್ತೇವಲ್ಲ, ಹಾಗೇ ಮಾಡಬೇಕು. ಒಂದು ಕಾಯಿಯೂ ನೀರಿನ ಮೇಲೆ ತಲೆ ಎತ್ತಬಾರದು.

ನಮ್ಮಲ್ಲಿ ಅರ್ಬೆಕ್ವಿನಾ ಅಕ್ಟೋಬರ್ ಕೊನೆಗೆ ಹಸಿರಿನಿಂದ ತಿಳಿ ನೇರಳೆಗೆ ತಿರುಗುತ್ತದೆ. ಮೈನಸ್ 2 ಆದರೆ ಕಾಯಿ ಹಾಳು, ಅದಕ್ಕೂ ಮೊದಲು ಕೀಳುತ್ತೇನೆ. ಹಸಿ ಕಾಯಿ ಬಾಯಿಗೆ ಇಡಲಾಗದಷ್ಟು ಕಹಿ. ಕುಟ್ಟಣಿ ಕಲ್ಲಿನಲ್ಲಿ ಒಂದೊಂದಕ್ಕೆ ಮೆತ್ತಗೆ ಒಂದು ಏಟು, ಸಿಪ್ಪೆ ಬಿರಿಯಬೇಕು, ಬೀಜ ಒಡೆಯಬಾರದು. ತಣ್ಣೀರಲ್ಲಿ ಹಾಕಿ ದಿನಾ ನೀರು ಬದಲಿಸುತ್ತೇನೆ. ಹತ್ತು ದಿನಕ್ಕೆ ಕಹಿ ಬಹಳಷ್ಟು ಇಳಿದಿರುತ್ತದೆ. ಆಮೇಲೆ ಲೀಟರ್ ನೀರಿಗೆ ನೂರು ಗ್ರಾಂ ಉಪ್ಪು, ನಿಂಬೆ ಹೋಳು, ಮೇಲೆ ಭಾರದ ತಟ್ಟೆ. ಇಂಗು, ಸಾಸಿವೆ ಒಗ್ಗರಣೆ ಕೊಟ್ಟದ್ದು ನಮ್ಮ ಮನೆಯ ಸೇರ್ಪಡೆ. ಮೊಸರನ್ನಕ್ಕೆ ತುಂಬಾ ಚೆನ್ನಾಗಿರುತ್ತದೆ. ಎಣ್ಣೆ ಆಸೆ ಬೇಡ, ಒಂದು ಲೀಟರ್‌ಗೆ ಐದಾರು ಕೇಜಿ ಕಾಯಿಯಾದರೂ ಬೇಕು.

ನಮ್ಮ ಮೂರು ಮರದಿಂದ ಹೋದ ವರ್ಷ ಏಳು ಕೇಜಿ. ಅದರ ಹಿಂದಿನ ವರ್ಷ ಒಂದೂವರೆ. ಒಂದು ವರ್ಷ ಬಿಟ್ಟು ಒಂದು ವರ್ಷ ಬಿಡುವುದು ಈ ಮರದ ಗುಣ, ಮಾವಿನ ಹಾಗೆ.

ಸಿಯಾಟಲ್ ಕುಂಡ

ಕುಂಡ ಸೂರಿನ ಕೆಳಗೆ ಬಂತು. ಪೆಂಡೊಲಿನೊ ಒಂದು ಆರ್ಡರ್ ಮಾಡಿದ್ದೇನೆ.

ಹಿಲ್ಸ್‌ಬೊರೊ ಹಿತ್ತಲು

ಮೂರು ವಾರದ ನಂತರ ಬರೆಯುತ್ತಿದ್ದೇನೆ. ತೀರ್ಥಹಳ್ಳಿ ಅಣ್ಣ ಹೇಳಿದ ಹಾಗೆ ಎರಡು ಕಡೆ ಅಗೆದು ನೀರು ತುಂಬಿಸಿದೆ. ಬೇಲಿ ಮೂಲೆಯ ಗುಂಡಿಯಲ್ಲಿ ಎರಡು ದಿನ ಆದರೂ ಮುಕ್ಕಾಲು ನೀರು ಹಾಗೇ ಇತ್ತು, ಮೇಲೆ ಎಣ್ಣೆಯ ಪೊರೆಯಂತೆ ಏನೋ ತೇಲುತ್ತಿತ್ತು. ಗೋಡೆ ಪಕ್ಕದ್ದು ಮಾರನೇ ಸಂಜೆಗೆ ಇಂಗಿತು. ಎರಡನೇ ಸಲ ಒಂದೂವರೆ ದಿನ ತಗೊಂಡಿತು. ಅಂದರೆ ಅಲ್ಲೂ ದಿಬ್ಬ ಬೇಕೇ ಬೇಕು.

ಶನಿವಾರ ನಾನು, ಹೆಂಡತಿ, ಮಗಳು ಮೂವರೂ ಸೇರಿ ಮಣ್ಣು ಏರಿಸಿದೆವು. ಆರು ಅಡಿ ಅಗಲ, ಸೊಂಟಕ್ಕಿಂತ ಸ್ವಲ್ಪ ಕೆಳಗಿನ ಎತ್ತರ, ಮಳೆಗೆ ಕೂತು ಇಳಿಯುತ್ತದೆ ಅಂತ ಜಾಸ್ತಿಯೇ ಹಾಕಿದ್ದೇವೆ. ಚಾವಣಿ ನೀರಿನ ಪೈಪನ್ನು ಆಚೆ ತಿರುಗಿಸಿದೆ. ಮಣ್ಣಿನ ಪರೀಕ್ಷೆಗೆ ಕಳಿಸಿದ್ದೇನೆ. ಅರ್ಬೆಕ್ವಿನಾ ಎರಡು ತಂದು ದೊಡ್ಡ ಕುಂಡಕ್ಕೆ ಬದಲಿಸಿದ್ದೇನೆ, ಈ ಚಳಿಗಾಲ ಗ್ಯಾರೇಜಿನಲ್ಲಿ, ಮುಂದಿನ ಮೇ ತಿಂಗಳಲ್ಲಿ ನೆಲಕ್ಕೆ. ಬೇಲಿ ಮೂಲೆಗೆ ಏನು ಹಾಕಲಿ?

ತೀರ್ಥಹಳ್ಳಿ ತೋಟ

ಅಲ್ಲಿ ಕೆಸು ಹಾಕು ತಮ್ಮಾ. ಬೇಸಿಗೆಗೆ ಪತ್ರೊಡೆ ಮಾಡಬಹುದು.